ಬಿಎಫ್‌ಸಿ ಗೆದ್ದಿದ್ದು ಬರೀ ದುಡ್ಡಿನಿಂದಾನಾ? ಬೆಂಗಳೂರು ಎಫ್‌ಸಿ ಕಥೆ ಮಾತಾಡೋಣ

ನೀಲಿ ಗ್ಯಾಲರಿ

ಬೆಂಗಳೂರು ಎಫ್‌ಸಿ ಬಗ್ಗೆ ಎಲ್ಲೇ ಮಾತು ಬಂದರೂ ಕೊನೆಗೆ ಒಂದೇ ತೀರ್ಪು ಬರುತ್ತದೆ. "ಮಾಲೀಕ ಕಂಪನಿ ಜೆಎಸ್‌ಡಬ್ಲ್ಯು ದುಡ್ಡು ಹಾಕಿತು, ಕಪ್ ಬಂತು, ಅಷ್ಟೇ." ಇದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನೀವೂ ಬರೆಯಿರಿ.

ಕ್ಲಬ್ ಶುರುವಾಗಿದ್ದು 2013ರ ಜುಲೈ 20ರಂದು. ಸೆಪ್ಟೆಂಬರ್ 22ಕ್ಕೆ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ವಿರುದ್ಧ ಮೊದಲ ಐ-ಲೀಗ್ ಪಂದ್ಯ (ಐ-ಲೀಗ್ ಅಂದರೆ ಆಗಿನ ರಾಷ್ಟ್ರೀಯ ಲೀಗ್). 1-1 ಡ್ರಾ. ಕ್ಲಬ್ಬಿನ ಮೊದಲ ಗೋಲು ಆಸ್ಟ್ರೇಲಿಯಾದ ಶಾನ್ ರೂನಿಯದು. ಅಲ್ಲಿಂದ ಏಳು ತಿಂಗಳು. 2014ರ ಏಪ್ರಿಲ್ 21ರಂದು ಗೋವಾದ ಫತೋರ್ದಾದಲ್ಲಿ ಡೆಂಪೋವನ್ನು 4-2ರಿಂದ ಸೋಲಿಸಿ ನಮ್ಮವರು ಇಂಡಿಯಾದ ಚಾಂಪಿಯನ್ ಆದರು. ಮೊದಲ ಸೀಸನ್‌ನಲ್ಲೇ. ಅದೂ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಡೆಂಪೋ ಊರಿಗೇ ಹೋಗಿ.

ಆ ತಂಡದಲ್ಲಿ ಯಾರ್ಯಾರು ಇದ್ದರು ನೋಡಿ. ದೊಡ್ಡ ಹೆಸರು ಅಂದರೆ ಸುನಿಲ್ ಛೆಟ್ರಿ ಒಬ್ಬರೇ. ಪೋರ್ಚುಗಲ್‌ನ ಸ್ಪೋರ್ಟಿಂಗ್‌ನಲ್ಲಿ ಹೆಚ್ಚು ಆಡಲು ಸಿಗದೆ ವಾಪಸ್ ಬಂದು, ಚರ್ಚಿಲ್ ಬ್ರದರ್ಸ್ ಪರ ಆಡಿ, ಆಮೇಲೆ ಇಲ್ಲಿಗೆ ಬಂದವರು. ಆ ಸೀಸನ್‌ನಲ್ಲಿ 14 ಗೋಲು. ಉಳಿದವರಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ, ರಾಬಿನ್ ಸಿಂಗ್, ರಿನೋ ಆಂಟೊ, ಬೇಖೋಖೈ. ಇವರಲ್ಲಿ ಹಲವರನ್ನು ಬೇರೆ ಕ್ಲಬ್ಬುಗಳು ಅಷ್ಟು ತಲೆಗೆ ಹಾಕಿಕೊಂಡಿರಲಿಲ್ಲ. ಕೋಚ್ ಆಶ್ಲಿ ವೆಸ್ಟ್‌ವುಡ್ ಅವರಿಗೆ ಆಗ 37 ವರ್ಷ. ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿಯಲ್ಲಿ ಬೆಳೆದವರು. ಇಂಡಿಯಾ ಅವರಿಗೆ ಪೂರ್ತಿ ಹೊಸದು.

ಈ ತಂಡವನ್ನು ಗೆಲ್ಲಿಸಿದ್ದು ಶಿಸ್ತು ಅಂತ ನನ್ನ ಅನಿಸಿಕೆ. ಪ್ರಾಕ್ಟೀಸ್ ಟೈಮಿಗೆ ಸರಿಯಾಗಿ ಪ್ರಾಕ್ಟೀಸ್. ಊಟ, ನಿದ್ದೆ, ಫಿಟ್‌ನೆಸ್ ಎಲ್ಲದಕ್ಕೂ ಲೆಕ್ಕ. ಸಂಬಳ ಟೈಮಿಗೆ ಸರಿಯಾಗಿ. ಕೇಳಿದರೆ ಇದರಲ್ಲಿ ಏನಿದೆ ಅನಿಸುತ್ತದೆ. ಆದರೆ ಆಗಿನ ಇಂಡಿಯನ್ ಫುಟ್‌ಬಾಲ್‌ನಲ್ಲಿ ಇಷ್ಟು ಮಾಡುವ ಕ್ಲಬ್ ಸಿಗುವುದೇ ಕಷ್ಟವಿತ್ತು. ಇದೇ ನನ್ನ ವಾದ. ಬನ್ನಿ, ಬಡಿದಾಡೋಣ.

ಲೆಕ್ಕದ ಪುಸ್ತಕ

ಚೆನ್ನಾಗಿ ಬರೆದಿದ್ದೀರಿ ಗುರು. ಆದರೆ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಬಿಎಫ್‌ಸಿ ಎರಡನೇ ಡಿವಿಷನ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್ಎಫ್ ಕಾರ್ಪೊರೇಟ್ ಕಂಪನಿಗಳಿಂದ ಬಿಡ್ ಕರೆಯಿತು. ಜೆಎಸ್‌ಡಬ್ಲ್ಯು ಬಿಡ್ ಗೆದ್ದು ನೇರವಾಗಿ ಮೇಲಿನ ಲೀಗಿಗೆ ಬಂತು. ನಮ್ಮದೇ ಊರಿನ ಎಚ್‌ಎಎಲ್ ವರ್ಷಗಟ್ಟಲೆ ಒದ್ದಾಡಿ ಮೇಲೆ ಬಂದು 2012ರಲ್ಲಿ ಕೆಳಗೆ ಬಿತ್ತು. ಅವರಿಗೆ ಯಾವ ಬಾಗಿಲೂ ತೆರೆಯಲಿಲ್ಲ. ಬಾಗಿಲು ತೆರೆದದ್ದು ದುಡ್ಡು ಅಲ್ಲದೆ ಇನ್ನೇನು?

ಇನ್ನೊಂದು ಮಾತು. ಸಂಬಳ ಟೈಮಿಗೆ ಸರಿಯಾಗಿ ಕೊಡುವುದಕ್ಕೂ ದುಡ್ಡೇ ಬೇಕು.

ನೀಲಿ ಗ್ಯಾಲರಿ

ಬಾಗಿಲ ವಿಷಯದಲ್ಲಿ ನೀವು ಹೇಳುವುದು ಸರಿ. ಆದರೆ ಅದೇ ಬಾಗಿಲಿನಿಂದ ಇನ್ನೊಬ್ಬರೂ ಬಂದರು. ಪುಣೆಯ ಭಾರತ್ ಎಫ್‌ಸಿ. ಕಲ್ಯಾಣಿ ಗ್ರೂಪಿನ ಕ್ಲಬ್. 2014-15ರಲ್ಲಿ ಹೀಗೇ ನೇರ ಪ್ರವೇಶ. ದೊಡ್ಡ ಕಂಪನಿ, ದುಡ್ಡಿಗೆ ಕೊರತೆ ಇಲ್ಲ. ಲೀಗಿನಲ್ಲಿ ಕೊನೆಯ ಸ್ಥಾನ. ಒಂದೇ ಸೀಸನ್‌ಗೆ ಬಾಗಿಲು ಹಾಕಿದರು.

ಹಿಂದಕ್ಕೆ ಹೋದರೆ ಮಹೀಂದ್ರ ಯುನೈಟೆಡ್ ಇದೆ. ರಾಷ್ಟ್ರೀಯ ಲೀಗ್ ಗೆದ್ದ ತಂಡ. ಹಿಂದೆ ಮಹೀಂದ್ರದಂಥ ಕಂಪನಿ ಇತ್ತು. 2010ರಲ್ಲಿ ನಿಲ್ಲಿಸಿಬಿಟ್ಟರು. ಪಂಜಾಬಿನ ಜೆಸಿಟಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ. ಅದೂ 2011ರಲ್ಲಿ ಮುಚ್ಚಿತು. ದುಡ್ಡಿರುವ ಕ್ಲಬ್ಬುಗಳು ನಮ್ಮ ದೇಶದಲ್ಲಿ ಬೇಕಾದಷ್ಟು ಬಂದು ಹೋಗಿವೆ ಸರ್. ಉಳಿದು ಗೆದ್ದವರು ಎಷ್ಟು ಜನ?

ಆಸ್ಟಿನ್ ಟೌನ್ ಹಳಬ

ನಿಮ್ಮಿಬ್ಬರ ಮಾತೂ 2013ರಿಂದ ಶುರುವಾಗುತ್ತಿದೆ. ನನಗೆ ಬೇಜಾರಾಗುವುದು ಅಲ್ಲೇ. ಅದಕ್ಕೆ ಮೊದಲು ಈ ಊರಿನಲ್ಲಿ ಫುಟ್‌ಬಾಲ್ ಇರಲೇ ಇಲ್ಲ ಅನ್ನುವ ಹಾಗೆ ಮಾತಾಡುತ್ತಾರೆ ಹುಡುಗರು.

ಕೇಳಿ. 1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಗೆದ್ದದ್ದು ಬ್ಯಾಂಗಲೋರ್ ಮುಸ್ಲಿಮ್ಸ್. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಸೇನಾ ತಂಡಗಳ ಮನೆ ಬಿಟ್ಟು ಆಚೆ ಬಂದಿರಲಿಲ್ಲ. ಅದನ್ನು ಕಿತ್ತುಕೊಂಡು ಬಂದವರು ನಮ್ಮ ಊರಿನ ಹುಡುಗರು. ಮರುವರ್ಷ ಮತ್ತೆ ಗೆದ್ದರು. ಆಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ. ಮೈಸೂರು ಹೆಸರಿನಲ್ಲಿ ನಮ್ಮ ತಂಡ 1946-47ರಲ್ಲಿ ಗೆದ್ದಿತು, 1952-53ರಲ್ಲಿ ಗೆದ್ದಿತು, 1967-68 ಮತ್ತು 1968-69ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು.

1948ರ ಲಂಡನ್ ಒಲಿಂಪಿಕ್ಸ್ ಕಥೆ ನಿಮಗೆ ಗೊತ್ತಿರಬಹುದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಫ್ರಾನ್ಸ್ ವಿರುದ್ಧ ಆಡಿದರು. ಎರಡು ಪೆನಾಲ್ಟಿ ಕೈ ತಪ್ಪಿತು. 2-1ರಿಂದ ಸೋತರು. ಸ್ವತಂತ್ರ ಇಂಡಿಯಾದ ಆ ಮೊದಲ ಒಲಿಂಪಿಕ್ ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್, ಧನರಾಜ್ ಕೂಡ ಇಲ್ಲಿಯವರೇ. ಈಸ್ಟ್ ಬೆಂಗಾಲ್‌ನ ಐದು ಜನ ಫಾರ್ವರ್ಡ್‌ಗಳನ್ನು ಕೋಲ್ಕತ್ತಾದಲ್ಲಿ ಪಂಚಪಾಂಡವರು ಅಂತ ಕರೆಯುತ್ತಿದ್ದರು. ಅವರಲ್ಲಿ ಇಬ್ಬರು ಈ ಅಹ್ಮದ್ ಖಾನ್ ಮತ್ತು ಧನರಾಜ್. 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಅರುಮೈನಾಯಗಂ ಇದ್ದರು. ಉಲಗನಾಥನ್ ಮೋಹನ್ ಬಗಾನ್‌ಗೆ ಹೋದರು.

ಗಮನಿಸಿದಿರಾ? ಎಲ್ಲರೂ ಹೋದರು. ಕೆಲಸ ಬೇಕು, ಹೆಸರು ಬೇಕು, ದೊಡ್ಡ ಪಂದ್ಯ ಬೇಕು ಅಂದರೆ ಕೋಲ್ಕತ್ತಾ ರೈಲು ಹತ್ತಬೇಕಿತ್ತು. ಇಲ್ಲಿ ಉಳಿದವರಿಗೆ ಐಟಿಐ, ಎಚ್‌ಎಎಲ್, ಬಿಇಎಲ್ ಥರದ ಕಾರ್ಖಾನೆ ತಂಡಗಳಿದ್ದವು. ಸೇನೆಯ ಎಂಇಜಿ, ಎಎಸ್‌ಸಿ ಇದ್ದವು. ಅವು ಸೊರಗಿದ ಮೇಲೆ ಆಟವೂ ಸೊರಗಿತು. ಗೌತಮಪುರಕ್ಕೆ ಹೋಗಿ ನೋಡಿ, ಹಲಸೂರು ಪಕ್ಕದಲ್ಲೇ ಇದೆ. ಅಲ್ಲಿನ ಜನ ಪೆಲೆ ಪ್ರತಿಮೆ ಇಟ್ಟಿದ್ದಾರೆ. ಬೇರೆ ಯಾವ ಏರಿಯಾದಲ್ಲಿ ಇಂಥ ಹುಚ್ಚು ಇದೆ?

ಬಿಎಫ್‌ಸಿ ಬಂದಾಗ ಸ್ಟೇಡಿಯಂ ತುಂಬಿದ್ದು ಸುಮ್ನೆ ಅಲ್ಲ. ಈ ಊರು ಇಂಥದ್ದೊಂದಕ್ಕೆ ಕಾಯುತ್ತಿತ್ತು.

ಪಶ್ಚಿಮದ ಸ್ಟ್ಯಾಂಡ್

ಹಳಬರೇ, ನಿಮ್ಮ ಪೋಸ್ಟ್ ಓದಿ ಮೈ ಜುಮ್ ಅಂತು. ಇದನ್ನೆಲ್ಲ ನಮಗೆ ಯಾರೂ ಹೇಳಿಕೊಡಲಿಲ್ಲ ಸರ್.

ಪ್ರೇಕ್ಷಕರ ಬಗ್ಗೆ ನನ್ನದೂ ಒಂದು ಮಾತು. ವೆಸ್ಟ್ ಬ್ಲಾಕ್ ಬ್ಲೂಸ್ ಯಾವ ಕಂಪನಿಯೂ ಕಟ್ಟಿದ ಗುಂಪಲ್ಲ. ಅಭಿಮಾನಿಗಳೇ ಸೇರಿ ಮಾಡಿಕೊಂಡಿದ್ದು. ಇಡೀ ಪಂದ್ಯ ನಿಂತುಕೊಂಡೇ ಹಾಡುತ್ತಾರೆ. ಅದರಲ್ಲಿ ಮಲಯಾಳಿ, ತಮಿಳ, ಮಣಿಪುರಿ, ಬಂಗಾಳಿ ಎಲ್ಲರೂ ಇದ್ದಾರೆ. ಕೆಲಸಕ್ಕೆ ಅಂತ ಬಂದು ಈ ಊರನ್ನು ತಮ್ಮದು ಅಂದುಕೊಳ್ಳಲು ಎಷ್ಟೋ ಜನಕ್ಕೆ ಈ ಕ್ಲಬ್ಬೇ ದಾರಿಯಾಯಿತು. ಹೆಣ್ಣುಮಕ್ಕಳು ಗ್ಯಾಲರಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಬಹುದು ಅಂತ ನನಗೆ ಗೊತ್ತಾಗಿದ್ದು ಕ್ಲಬ್ ಆಮೇಲೆ ಆಡಲು ಬಂದ ಕಂಠೀರವ ಸ್ಟೇಡಿಯಂನಲ್ಲೇ.

ನನ್ನ ಪ್ರಕಾರ ಕ್ಲಬ್ಬಿನ ಬೇರು ಗಟ್ಟಿಯಾಗಿದ್ದು ಒಂದು ಕಪ್ಪು ಕೈ ತಪ್ಪಿದ ದಿನ. 2015ರ ಮೇ 31. ಲೀಗಿನ ಕೊನೆಯ ಪಂದ್ಯ. ಎದುರಿಗೆ ಮೋಹನ್ ಬಗಾನ್. ನಾವು ಗೆದ್ದರೆ ಕಪ್ಪು ನಮ್ಮದು, ಡ್ರಾ ಆದರೆ ಅವರದು. ಮಳೆ. ಕಿಕ್ಕಿರಿದ ಕಂಠೀರವ. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದವರೆಗೂ ನಾವೇ ಚಾಂಪಿಯನ್. ಆಗ ಒಂದು ಕಾರ್ನರ್. ಬೆಲ್ಲೊ ರಜಾಕ್ ತಲೆ ಕೊಟ್ಟರು. 1-1. ಬಗಾನ್ 39 ಪಾಯಿಂಟ್, ನಾವು 37.

ಅವತ್ತು ಯಾರೂ ಎದ್ದು ಹೋಗಲಿಲ್ಲ. ಸೋತ ಆಟಗಾರರಿಗೆ ಚಪ್ಪಾಳೆ ಹೊಡೆದರು. ಮುಂದಿನ ಸೀಸನ್‌ನಲ್ಲಿ, 2016ರ ಏಪ್ರಿಲ್ 17ರಂದು, ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ವಿರುದ್ಧ 2-0. ಎರಡನೇ ಐ-ಲೀಗ್. ಇಷ್ಟು ಪ್ರೀತಿಯನ್ನು ದುಡ್ಡು ಕೊಟ್ಟು ತರಲು ಆಗುತ್ತದಾ?

ಲೆಕ್ಕದ ಪುಸ್ತಕ

ಮೇಡಂ, ಅಭಿಮಾನಿಗಳ ಬಗ್ಗೆ ನನ್ನ ತಕರಾರು ಇಲ್ಲವೇ ಇಲ್ಲ. ಹಳಬರ ಮಾತಿಗೂ ನಾನು ತಲೆಬಾಗುತ್ತೇನೆ. ಆದರೆ ಅವರ ಮಾತಿನಿಂದಲೇ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಇಷ್ಟು ಆಟಗಾರರನ್ನು ಕೊಟ್ಟ ಊರು ಇದು. ಹಾಗಿದ್ದರೆ ಬಿಎಫ್‌ಸಿ ಮೊದಲ ಹನ್ನೊಂದರಲ್ಲಿ ನಮ್ಮ ಹುಡುಗರು ಎಷ್ಟು ಜನ? ಶುರುವಿನಲ್ಲಿ ಶಂಕರ್ ಸಂಪಂಗಿರಾಜ್ ಇದ್ದರು. ಆಮೇಲೆ? ಇದಕ್ಕೆ ಯಾರಾದರೂ ನೇರವಾಗಿ ಉತ್ತರ ಕೊಡಿ.

ಹುಬ್ಬಳ್ಳಿ ವಿಂಗರ್

ಆ ಪ್ರಶ್ನೆಗೆ ಬರೋಣ. ಅದಕ್ಕೆ ಮೊದಲು ಎಎಫ್‌ಸಿ ಕಪ್ ಬಗ್ಗೆ ಯಾರಾದರೂ ಬರೆಯಿರಿ. ನಾನು ಆಗ ಚಿಕ್ಕವನು. ಫೈನಲ್‌ವರೆಗೆ ಹೋಗಿದ್ದರು ಅಂತ ಅಷ್ಟೇ ಗೊತ್ತು. ಅದು ಯಾಕೆ ಅಷ್ಟು ದೊಡ್ಡದು?

ನೀಲಿ ಗ್ಯಾಲರಿ

ಕೇಳಿದ್ದಕ್ಕೆ ಖುಷಿ ತಮ್ಮಾ. ಈ ಕ್ಲಬ್ಬಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಕಪ್ಪಿಗಿಂತ ದೊಡ್ಡದು.

ಎಎಫ್‌ಸಿ ಕಪ್ ಆಗ ಏಷ್ಯಾದ ಕ್ಲಬ್ಬುಗಳ ಎರಡನೇ ಹಂತದ ಟೂರ್ನಿ. ನಮ್ಮ ದೇಶದ ಯಾವ ಕ್ಲಬ್ಬೂ ಅದರ ಫೈನಲ್ ಮುಟ್ಟಿರಲಿಲ್ಲ. ಈಸ್ಟ್ ಬೆಂಗಾಲ್, ಡೆಂಪೋ ಸೆಮಿಫೈನಲ್‌ಗೆ ನಿಂತಿದ್ದವು. 2016ರಲ್ಲಿ ನಮ್ಮವರು ಹದಿನಾರರ ಸುತ್ತಿನಲ್ಲಿ ಹಾಂಗ್‌ಕಾಂಗ್‌ನ ಕಿಚಿಯನ್ನು ಅವರ ಊರಲ್ಲೇ 3-2ರಿಂದ ಸೋಲಿಸಿದರು. ಆಮೇಲೆ ವೆಸ್ಟ್‌ವುಡ್ ಹೋದರು. ಬಂದವರು ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಜೊತೆ ಸಹಾಯಕ ಕೋಚ್ ಆಗಿದ್ದವರು. ಟೂರ್ನಿ ಮಧ್ಯದಲ್ಲಿ ಕೋಚ್ ಬದಲು. ಆಟದ ರೀತಿಯೇ ಬೇರೆ. ಮೊದಲು ಗಟ್ಟಿ ಡಿಫೆನ್ಸ್, ಸೆಟ್‌ಪೀಸ್. ಈಗ ಚೆಂಡು ಕಾಲಲ್ಲೇ ಇಟ್ಟುಕೊಂಡು ಪಾಸ್ ಮಾಡುತ್ತಾ ಹೋಗುವುದು.

ಕ್ವಾರ್ಟರ್‌ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪೈನ್ಸ್ ರೋವರ್ಸ್. ಇಲ್ಲಿ ಸಿ.ಕೆ. ವಿನೀತ್ ಗೋಲಿನಿಂದ 1-0, ಅಲ್ಲಿ 0-0. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೋರ್ ದಾರುಲ್ ತಾಜಿಂ. ಹಿಂದಿನ ವರ್ಷದ ಚಾಂಪಿಯನ್. ಜೊಹೋರ್ ರಾಜಮನೆತನದ ಕ್ಲಬ್. ದುಡ್ಡಿನ ಲೆಕ್ಕದಲ್ಲಿ ನಾವು ಅವರ ಹತ್ತಿರಕ್ಕೂ ಹೋಗುವಂತಿರಲಿಲ್ಲ. ದುಡ್ಡೇ ಎಲ್ಲ ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಿ ಅಂತ ಕೇಳಿಕೊಳ್ಳುತ್ತೇನೆ.

ಅಲ್ಲಿ ಯೂಜೀನ್‌ಸನ್ ಲಿಂಗ್ಡೊ ಹೆಡರ್‌ನಿಂದ 1-1 ಮಾಡಿಕೊಂಡು ಬಂದರು. ಅಕ್ಟೋಬರ್ 19ಕ್ಕೆ ಕಂಠೀರವ. ಹನ್ನೊಂದನೇ ನಿಮಿಷಕ್ಕೇ ಜೊಹೋರ್ ಗೋಲು. ಸ್ಟೇಡಿಯಂ ಸ್ತಬ್ಧವಾಗಬೇಕಿತ್ತು, ಆಗಲಿಲ್ಲ. ಹಾಡು ಇನ್ನೂ ಜೋರಾಯಿತು. ಅರ್ಧ ಸಮಯಕ್ಕೆ ಸ್ವಲ್ಪ ಮೊದಲು ಛೆಟ್ರಿ ಸಮ ಮಾಡಿದರು. ಎರಡನೇ ಅರ್ಧದಲ್ಲಿ ದೂರದಿಂದ ಬಾರಿಸಿದ ಆ ಎರಡನೇ ಗೋಲು ಇದೆಯಲ್ಲ, ಅದನ್ನು ಹುಡುಕಿ ನೋಡು ತಮ್ಮಾ. ಬೇರೆ ಏನನ್ನೂ ನೋಡದಿದ್ದರೂ ಅದೊಂದನ್ನು ನೋಡು. ಆಮೇಲೆ ಹುವಾನಾನ್ ಹೆಡರ್. 3-1. ಒಟ್ಟು 4-2. ಇಂಡಿಯಾದ ಕ್ಲಬ್ ಮೊದಲ ಸಲ ಫೈನಲ್‌ಗೆ.

ನವೆಂಬರ್ 5, ದೋಹಾ. ಇರಾಕ್‌ನ ಏರ್ ಫೋರ್ಸ್ ಕ್ಲಬ್. ನಮ್ಮ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಸಸ್ಪೆಂಡ್ ಆಗಿದ್ದರು. ಅವರ ಜಾಗದಲ್ಲಿ ಲಾಲ್ತುವಮ್ಮಾವಿಯಾ ರಾಲ್ಟೆ ಆಡಿದರು. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದರು. 0-1. ಕ್ಲಬ್ ಹುಟ್ಟಿ ಮೂರು ವರ್ಷ ದಾಟಿತ್ತು ಅಷ್ಟೇ.

ಆಸ್ಟಿನ್ ಟೌನ್ ಹಳಬ

ಆ ಸೆಮಿಫೈನಲ್ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. ದೀಪಾವಳಿ ಇನ್ನೂ ಬಂದಿರಲಿಲ್ಲ.

ಮರುವರ್ಷದ್ದನ್ನೂ ಸೇರಿಸಿ. 2017ರಲ್ಲಿ ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ಇಲ್ಲಿ 3-0ರಿಂದ ಸೋಲಿಸಿ, ಪ್ಯಾಂಗ್ಯಾಂಗ್‌ಗೆ ಹೋಗಿ 0-0 ಹಿಡಿದು ಬಂದರು. ಆ ದಿನಗಳಲ್ಲಿ ಅಲ್ಲಿಗೆ ಹೋಗಿ ಬರುವುದೇ ದೊಡ್ಡ ವಿಷಯ. ಮುಂದೆ ತಜಿಕಿಸ್ತಾನದ ಇಸ್ತಿಕ್ಲೋಲ್ ಎದುರು ಸೋತು ನಿಂತರು. ಇದನ್ನು ಜನ ಮರೆತೇಬಿಟ್ಟಿದ್ದಾರೆ.

ಕಾಸರಗೋಡು ಹಳದಿ

ನಾನು ಕೇರಳ ಬ್ಲಾಸ್ಟರ್ಸ್ ಅಭಿಮಾನಿ. ಮನೆಮಾತು ಕನ್ನಡ, ಮನಸ್ಸು ಹಳದಿ. ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಕೊಳ್ಳುತ್ತೇನೆ. 2016ರ ಆ ಓಟ ನೋಡಿ ದಕ್ಷಿಣದವರೆಲ್ಲ ಹೆಮ್ಮೆಪಟ್ಟೆವು. ವಿನೀತ್, ರಿನೋ ಆಂಟೊ ನಮ್ಮ ಕೇರಳದ ಹುಡುಗರು.

ಆದರೆ ಐಎಸ್‌ಎಲ್ ಕಥೆ ಬೇರೆ. ಅಲ್ಲಿ ನಿಮ್ಮ ಕ್ಲಬ್ ನಾಲ್ಕು ಫೈನಲ್ ಆಡಿದೆ, ಗೆದ್ದದ್ದು ಒಂದು. ಅದರ ಬಗ್ಗೆಯೂ ಮಾತಾಡಿ.

ಪಶ್ಚಿಮದ ಸ್ಟ್ಯಾಂಡ್

ಮಾತಾಡೋಣ ಅಣ್ಣ, ತಪ್ಪಿಸಿಕೊಳ್ಳುವುದಿಲ್ಲ.

2017ರಲ್ಲಿ ಐ-ಲೀಗ್ ಬಿಟ್ಟು ಐಎಸ್‌ಎಲ್‌ಗೆ ಬಂದೆವು. ಮೊದಲ ಸೀಸನ್‌ನಲ್ಲಿ 18 ಪಂದ್ಯದಲ್ಲಿ 40 ಪಾಯಿಂಟ್. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ವೆನೆಜುವೆಲಾದ ಮಿಕು 15 ಗೋಲು, ಛೆಟ್ರಿ 14. ಗೋಲಿನಲ್ಲಿ ನಾರ್ವೆಯಿಂದ ಬಂದ ಗುರ್‌ಪ್ರೀತ್. ಬೇರೆ ದೇಶದ ಲೀಗ್ ಆಗಿದ್ದರೆ ಎಂಟು ಪಾಯಿಂಟ್ ಮುಂದಿದ್ದವರಿಗೆ ಅಲ್ಲೇ ಕಪ್ಪು ಕೊಡುತ್ತಿದ್ದರು. ಇಲ್ಲಿ ಆಗ ಲೀಗ್ ಟಾಪರ್‌ಗೆ ಏನೂ ಇರಲಿಲ್ಲ. ಟಾಪರ್‌ಗೆ ಕೊಡುವ ಶೀಲ್ಡ್ ಶುರುವಾಗಿದ್ದು 2019-20ರಿಂದ. ಹಾಗಾಗಿ ಎಲ್ಲ ಫೈನಲ್ ಮೇಲೆ ನಿಂತಿತು.

2018ರ ಮಾರ್ಚ್ 17, ಕಂಠೀರವ. ಎದುರಿಗೆ ಅದೇ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಹೆಡರ್. ಆಮೇಲೆ ಎರಡು ಕಾರ್ನರ್, ಎರಡು ಸಲವೂ ಮೈಲ್ಸನ್ ಆಲ್ವೆಸ್ ತಲೆ. ಮೂರನೆಯದು ರಫೇಲ್ ಆಗಸ್ಟೊ. ಕೊನೆಯಲ್ಲಿ ಮಿಕು ಒಂದು ಹೊಡೆದರೂ 2-3. ಇಡೀ ಸೀಸನ್ ಆಡಿದ ಆಟ ಎರಡು ಕಾರ್ನರ್‌ಗೆ ಕೊಚ್ಚಿಹೋಯಿತು.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರು ಮತ್ತೆ ಫೈನಲ್. ಕೋಚ್ ಕಾರ್ಲೆಸ್ ಕ್ವಾದ್ರಾತ್. ರೋಕಾ ಜೊತೆ ಸಹಾಯಕರಾಗಿ ಇದ್ದವರೇ. ಎಕ್ಸ್‌ಟ್ರಾ ಟೈಮ್ ಮುಗಿಯುತ್ತಾ ಬಂದಿತ್ತು. 117ನೇ ನಿಮಿಷ. ದಿಮಾಸ್ ದೆಲ್ಗಾದೊ ಕಾರ್ನರ್, ರಾಹುಲ್ ಭೆಕೆ ಹೆಡರ್. 1-0. ಹಿಂದಿನ ವರ್ಷ ಯಾವ ಕಾರ್ನರ್‌ನಿಂದ ಸೋತೆವೋ ಅದೇ ಕಾರ್ನರ್‌ನಿಂದ ಗೆದ್ದೆವು. ಇದರ ಹಿಂದೆ ಎಷ್ಟು ಪ್ರಾಕ್ಟೀಸ್ ಇರಬೇಕು ಯೋಚಿಸಿ. ಕೋಚ್ ಬದಲಾದರೂ ಆಟದ ದಾರಿ ಬದಲಾಗಲಿಲ್ಲ. ರೋಕಾ ಹೋದಾಗ ಅವರ ಪಕ್ಕದಲ್ಲಿದ್ದವರನ್ನೇ ಕೂರಿಸಿದರು. ಮೊದಲ ಐದಾರು ವರ್ಷ ಈ ಕ್ಲಬ್ ಗೆದ್ದದ್ದರಲ್ಲಿ ಅರ್ಧ ಪಾಲು ಇಂಥ ತೀರ್ಮಾನಗಳದ್ದು.

ಕಾಸರಗೋಡು ಹಳದಿ

ಒಪ್ಪಿದೆ. ಆದರೆ 2023ರ ಮಾರ್ಚ್ 3ರಂದು ನಮ್ಮ ನಿಮ್ಮ ತಂಡಗಳ ನಡುವೆ ನಡೆದ ಐಎಸ್‌ಎಲ್ ಪ್ಲೇಆಫ್ ಪಂದ್ಯವನ್ನು ನಾನು ಒಪ್ಪಲಾರೆ. ಎಕ್ಸ್‌ಟ್ರಾ ಟೈಮ್‌ನಲ್ಲಿ ಫ್ರೀ ಕಿಕ್. ನಮ್ಮ ಗೋಲ್‌ಕೀಪರ್ ಇನ್ನೂ ಗೋಡೆ ನಿಲ್ಲಿಸುತ್ತಿದ್ದರು. ವಿಷಲ್ ಇಲ್ಲ. ಛೆಟ್ರಿ ಹೊಡೆದುಬಿಟ್ಟರು. ಅದು ಗೋಲಾ?

ನೀಲಿ ಗ್ಯಾಲರಿ

ನಿಯಮದ ಪ್ರಕಾರ ಗೋಲೇ ಅಣ್ಣ. ಫ್ರೀ ಕಿಕ್ ಸಿಕ್ಕ ತಂಡ ಬೇಗ ಹೊಡೆಯಬಹುದು. ವಿಷಲ್‌ಗೆ ಕಾಯಲೇಬೇಕು ಅಂತಿಲ್ಲ. ರೆಫ್ರಿ ಆಟ ತಡೆದು ಗೋಡೆಯನ್ನು ಹಿಂದಕ್ಕೆ ಕಳಿಸಲು ಶುರು ಮಾಡಿದರೆ, ಅಥವಾ ಕಾರ್ಡ್ ತೋರಿಸುತ್ತಿದ್ದರೆ, ಆಗ ಮಾತ್ರ ವಿಷಲ್ ಕಡ್ಡಾಯ. ವಿಷಲ್ಲೂ ಬೇಡ, ಗೋಡೆಯೂ ಬೇಡ ಅಂತ ರೆಫ್ರಿಗೆ ಹೇಳಿಯೇ ಹೊಡೆದೆ ಅಂತ ಛೆಟ್ರಿ ಪಂದ್ಯ ಆದಮೇಲೆ ಹೇಳಿದ್ದಾರೆ.

ಕಾಸರಗೋಡು ಹಳದಿ

ರೆಫ್ರಿ ಅಲ್ಲಿ ಸ್ಪ್ರೇ ಹಾಕಿದ್ದು, ನಿಂತು ಮಾತಾಡಿದ್ದು ನಾವೂ ನೋಡಿದ್ದೇವೆ. ಆಮೇಲೆ ಅದು ಹೇಗೆ ಬೇಗ ಹೊಡೆದ ಕಿಕ್ ಆಗುತ್ತದೆ? ನಮ್ಮ ತಂಡ ಮೈದಾನ ಬಿಟ್ಟು ಹೋಗಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಕಟ್ಟಬೇಕಾಗಿ ಬಂತು, ಕೋಚ್ ಇವಾನ್ ವುಕೊಮನೋವಿಚ್‌ಗೆ ಹತ್ತು ಪಂದ್ಯ ನಿಷೇಧ. ಶಿಕ್ಷೆ ಅನುಭವಿಸಿದೆವು. ಆದರೂ ಆ ಗೋಲು ನ್ಯಾಯ ಅಂತ ನನ್ನಿಂದ ಹೇಳಲು ಆಗದು.

ಪಶ್ಚಿಮದ ಸ್ಟ್ಯಾಂಡ್

ಈ ಜಗಳ ಇವತ್ತು ಮುಗಿಯುವುದಲ್ಲ ಬಿಡಿ. ಆದರೆ ಆ ಸೀಸನ್‌ನಲ್ಲಿ ನೆನಪಿಡಬೇಕಾದ್ದು ಇನ್ನೊಂದಿದೆ. ಸಾಲುಸಾಲು ಸೋತು ಕೆಳಗೆ ಬಿದ್ದಿದ್ದ ತಂಡ ಲೀಗಿನ ಕೊನೆಯ ಎಂಟು ಪಂದ್ಯವನ್ನೂ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂತು. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ರಿಂದ ಸೋಲಿಸಿತು. ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಎದುರು 2-2, ಪೆನಾಲ್ಟಿಯಲ್ಲಿ ಸೋಲು. ಸೀಸನ್ ಶುರುವಿನಲ್ಲೇ ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಗೆದ್ದಿತ್ತು. ನಮ್ಮ ಕೊನೆಯ ಕಪ್ಪು ಅದೇ.

ಲೆಕ್ಕದ ಪುಸ್ತಕ

ಅಲ್ಲಿಗೇ ಬಂದಿರಿ. 2022ರ ಸೆಪ್ಟೆಂಬರ್ ಆದಮೇಲೆ ಕಪ್ಪಿಲ್ಲ. ಒಟ್ಟು ಲೆಕ್ಕ ಹಾಕಿದರೆ ಎರಡು ಐ-ಲೀಗ್, 2015 ಮತ್ತು 2017ರ ಫೆಡರೇಷನ್ ಕಪ್, 2018ರ ಸೂಪರ್ ಕಪ್, ಒಂದು ಐಎಸ್‌ಎಲ್, ಒಂದು ಡ್ಯುರಾಂಡ್. ಏಳು. ಅದರಲ್ಲಿ ಆರು ಮೊದಲ ಆರು ಸೀಸನ್‌ನಲ್ಲಿ ಬಂದವು. ಆಮೇಲೆ ಒಂದೇ.

ದುಡ್ಡು ಆಗಲೂ ಇತ್ತು, ಈಗಲೂ ಇದೆ. ಹಾಗಾದರೆ ನಿಂತಿದ್ದೇನು? ಇಲ್ಲಿ ನೀಲಿ ಗ್ಯಾಲರಿಯವರ ವಾದಕ್ಕೆ ನಾನು ಹತ್ತಿರ ಬರುತ್ತಿದ್ದೇನೆ. ಕ್ವಾದ್ರಾತ್ 2021ರ ಜನವರಿಯಲ್ಲಿ ಹೋದರು. ಆಮೇಲೆ ನೌಷಾದ್ ಮೂಸಾ ಸ್ವಲ್ಪ ದಿನ, ಮಾರ್ಕೊ ಪೆಜ್ಜಾಯುವೊಲಿ ಒಂದು ಸೀಸನ್, ಸೈಮನ್ ಗ್ರೇಸನ್ ಒಂದೂವರೆ. ಒಬ್ಬೊಬ್ಬರದು ಒಂದೊಂದು ದಾರಿ. ಆಟಗಾರರೂ ಪ್ರತಿ ವರ್ಷ ಬದಲು. 2021ರಲ್ಲಿ ಮಾಲ್ಡೀವ್ಸ್‌ಗೆ ಎಎಫ್‌ಸಿ ಕಪ್ ಆಡಲು ಹೋಗಿ ಕೋವಿಡ್ ನಿಯಮ ಮುರಿದರು. ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಶಿಸ್ತಿನಿಂದ ಹೆಸರು ಮಾಡಿದ ಕ್ಲಬ್ಬಿಗೆ ಅದು ದೊಡ್ಡ ಪೆಟ್ಟು. 2023-24ರಲ್ಲಿ ಹತ್ತನೇ ಸ್ಥಾನ.

ಆದರೆ ತಂಡದಲ್ಲಿ ನಮ್ಮ ಊರಿನ ಹುಡುಗರು ಎಷ್ಟು ಜನ ಅನ್ನುವ ನನ್ನ ಹಳೇ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಹುಬ್ಬಳ್ಳಿ ವಿಂಗರ್

ನಾನು ಕೊಡುತ್ತೇನೆ ಸರ್. ವಿನೀತ್ ವೆಂಕಟೇಶ್. ಬೆಂಗಳೂರಿನ ಹುಡುಗ. ಕ್ಲಬ್ಬಿನ ಕೆಳ ವಯಸ್ಸಿನ ತಂಡಗಳಿಂದ ಬಂದವನು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 1-0. ಆ ಒಂದು ಗೋಲು ಅವನದು. ಆಗ ಅವನಿಗೆ 19. ಅದಕ್ಕೆ ಮೊದಲು ಲಿಯೊನ್ ಆಗಸ್ಟಿನ್ ಇದ್ದ, ಅವನೂ ಇಲ್ಲಿಯವನೇ. ಅಕಾಡೆಮಿ ಬಳ್ಳಾರಿ ಕಡೆಯ ವಿಜಯನಗರದ ಹತ್ತಿರ ಜೆಎಸ್‌ಡಬ್ಲ್ಯು ಕ್ರೀಡಾ ಸಂಸ್ಥೆಯಲ್ಲಿ ನಡೆಯುತ್ತದೆ. ನಮ್ಮ ಉತ್ತರ ಕರ್ನಾಟಕದ ಹುಡುಗರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ನಮ್ಮ ಕಡೆ ಪ್ರತಿಭೆ ಇದೆ, ಹುಡುಕುವವರು ಬರಬೇಕು.

ಲೆಕ್ಕದ ಪುಸ್ತಕ

ವಿನೀತ್ ಗೋಲು ನಾನೂ ನೋಡಿದೆ. ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟು ವರ್ಷಕ್ಕೆ ಬೆರಳೆಣಿಕೆಯ ಹೆಸರು ಸಾಲದು ತಮ್ಮಾ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷ ಆದಮೇಲೆ. ಆ ಹುಡುಗರ ಹೆಸರು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಊರಿನ ಕ್ಲಬ್ಬಿನ ಅಂಗಿ ತೊಡುವ ದಾರಿ ಅವರಲ್ಲಿ ಎಷ್ಟು ಜನಕ್ಕೆ ಕಂಡಿತು?

ಆಸ್ಟಿನ್ ಟೌನ್ ಹಳಬ

ಇವರ ನೋವು ನನಗೆ ಅರ್ಥವಾಗುತ್ತದೆ. ನನ್ನದೂ ಅದೇ. ಆದರೆ ಒಂದು ವ್ಯತ್ಯಾಸ ನೋಡಿ. ಅಹ್ಮದ್ ಖಾನ್ ಕಾಲದಲ್ಲಿ ಇಲ್ಲಿಯ ಹುಡುಗ ಬೆಳೆದರೆ ಊರು ಬಿಡಬೇಕಿತ್ತು. ಈಗ ಮಿಜೋರಾಂ, ಮಣಿಪುರ, ಪಂಜಾಬ್, ಕೇರಳದ ಹುಡುಗರು ಆಡಲು ನಮ್ಮ ಊರಿಗೆ ಬರುತ್ತಾರೆ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ. ಇಡೀ ದೇಶ ಅವರನ್ನು ಬೆಂಗಳೂರಿನವರು ಅನ್ನುತ್ತದೆ. ಇದು ಈ ಕ್ಲಬ್ ಮಾಡಿದ ಕೆಲಸ. ಮೊದಲು ಮೈದಾನ ಬೆಳಗಬೇಕು, ಆಮೇಲೆ ಗಲ್ಲಿಯ ಹುಡುಗ ಅದನ್ನು ನೋಡುತ್ತಾನೆ. ವಿನೀತ್ ಅದನ್ನು ನೋಡುತ್ತಾ ಬೆಳೆದ ಪೀಳಿಗೆಯವನು.

ನೀಲಿ ಗ್ಯಾಲರಿ

ಹಳಬರು ಹೇಳಿದ್ದನ್ನು ನಾನು ಇಷ್ಟು ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಇತ್ತೀಚಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಜೆರಾರ್ಡ್ ಸರಗೋಸಾ ಬಂದಮೇಲೆ 2024-25ರಲ್ಲಿ ಮೂರನೇ ಸ್ಥಾನ. 40 ದಾಟಿದ ಛೆಟ್ರಿಗೆ 14 ಗೋಲು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯನ್ನು 5-0. ಗೋವಾ ಎದುರು ಸೆಮಿಫೈನಲ್‌ನಲ್ಲಿ ಇಂಜುರಿ ಟೈಮ್‌ನಲ್ಲಿ ಅದೇ ಛೆಟ್ರಿ ಹೆಡರ್. ಫೈನಲ್‌ನಲ್ಲಿ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ 1-2. ಗೆಲ್ಲಲಿಲ್ಲ. ಆದರೆ ಒಂದು ದಾರಿ ಹಿಡಿದು ಆಡಿದ ತಂಡ ಅದು.

ಆಮೇಲೆ 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಅನ್ನುವ ಗೊಂದಲದಲ್ಲಿ ಕ್ಲಬ್ ಮೊದಲ ತಂಡದ ಸಂಬಳವನ್ನೇ ನಿಲ್ಲಿಸಿತು. ಟೈಮಿಗೆ ಸಂಬಳ ಕೊಟ್ಟು ಹೆಸರು ಮಾಡಿದ ಕ್ಲಬ್ ಇದು. ಆ ಸುದ್ದಿ ಓದಿ ನನಗೆ ಆದ ಸಂಕಟ ಯಾವ ಫೈನಲ್ ಸೋತಾಗಲೂ ಆಗಿರಲಿಲ್ಲ. ದೇಶದ ಲೀಗೇ ಅಲ್ಲಾಡಿದಾಗ ಒಂದು ಕ್ಲಬ್ ಎಷ್ಟೇ ಚೆನ್ನಾಗಿ ನಡೆದರೂ ಸಾಲುವುದಿಲ್ಲ.

ಪಶ್ಚಿಮದ ಸ್ಟ್ಯಾಂಡ್

ಸ್ಟೇಡಿಯಂ ಬಗ್ಗೆಯೂ ಮಾತಾಡಬೇಕು. ಕಂಠೀರವ ನಮ್ಮ ಮನೆ, ಆದರೆ ಬಾಡಿಗೆ ಮನೆ. ಸುತ್ತ ಓಟದ ಟ್ರ್ಯಾಕ್, ಮೈದಾನ ದೂರ. ಅಥ್ಲೀಟ್‌ಗಳ ಜೊತೆ ಜಗಳ ಕೋರ್ಟ್‌ವರೆಗೂ ಹೋಯಿತು. ಅವರಿಗೂ ಜಾಗ ಬೇಕು, ಅವರದ್ದೂ ತಪ್ಪಲ್ಲ. ಈ ಊರಿಗೆ ಫುಟ್‌ಬಾಲ್‌ಗೆ ಅಂತಲೇ ಒಂದು ಒಳ್ಳೇ ಸ್ಟೇಡಿಯಂ ಬೇಕು. ಇದರ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ಲೆಕ್ಕದ ಪುಸ್ತಕ

ಶುರು ಮಾಡಿ ಮೇಡಂ, ಬರುತ್ತೇನೆ. ಹಳಬರೇ, ಬೆಂಗಳೂರು ಸೂಪರ್ ಡಿವಿಷನ್ ಪಂದ್ಯಗಳನ್ನು ನೀವು ಈಗಲೂ ನೋಡುತ್ತೀರಾ? ಅಲ್ಲಿ ಯಾವ ಹುಡುಗರು ಚೆನ್ನಾಗಿ ಆಡುತ್ತಿದ್ದಾರೆ ಅಂತ ತಿಳಿಯುವ ಆಸೆ.

ಆಸ್ಟಿನ್ ಟೌನ್ ಹಳಬ

ಕಾಲು ನೋಯದ ದಿನ ಹೋಗುತ್ತೇನೆ. ಮುಂದಿನ ಪಂದ್ಯ ಯಾವತ್ತು ಅಂತ ಗೊತ್ತಾದ ಕೂಡಲೇ ಇಲ್ಲಿ ಹಾಕುತ್ತೇನೆ. ಹುಬ್ಬಳ್ಳಿಯವರು ಊರಿನಲ್ಲಿದ್ದರೆ ಅವರೂ ಬರಲಿ. ಕಾಸರಗೋಡಿನವರಿಗೂ ಜಾಗ ಇದೆ, ಹಳದಿ ಅಂಗಿ ಹಾಕಿಕೊಂಡೇ ಬರಲಿ.